ಮುಚ್ಚುವ ಗುರುತು

ಮೊದಲು ಕಾಲಾನುಕ್ರಮವನ್ನು ಸ್ಪಷ್ಟಪಡಿಸುತ್ತೇನೆ. ಇಲ್ಲಿ ಹೇಳುವ ಘಟನೆಗಳು ಮೂವತ್ತೊಂದು ದಿನಗಳಲ್ಲಿ ನಡೆದವು. ಒಂದನೆಯ ದಿನ, ಸೋಮವಾರ, ನಾನು ಕೆಲಸ ಬಿಟ್ಟೆ. ಎರಡನೆಯ ದಿನ ಒಂದು ಪುಸ್ತಕ ಕೊಂಡು ತಂದೆ. ಒಂಬತ್ತನೆಯ ದಿನ ಸೂರ್ಯಾಸ್ತಕ್ಕೆ ಆ ಪುಸ್ತಕ ಖಾಲಿಯಾಯಿತು. ಹತ್ತನೆಯ ದಿನದಿಂದ ಇಪ್ಪತ್ತೆರಡನೆಯ ದಿನದವರೆಗೆ ಬಣ್ಣಗಾರರ ಓಣಿಯಲ್ಲಿ ನಾವು ಒಂದು ಜಾಲತಾಣ ಕಟ್ಟಿದೆವು. ಇಪ್ಪತ್ತಮೂರನೆಯ ದಿನ ವಿಚಾರಣೆ ನಡೆಯಿತು. ಮೂವತ್ತೊಂದನೆಯ ದಿನ ನಾನು ಎಣಿಕೆ ಮಾಡಿದೆ.

ನಮ್ಮ ಊರಿನಲ್ಲಿ ಬರಹದ ಆಯುಷ್ಯ ಎಂಟು ದಿನ. ಎಂಟನೆಯ ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ಕಾಗದ ಬರಿ ಕಾಗದವಾಗುತ್ತದೆ, ಅಂಗಡಿಯ ಫಲಕ ಬರಿ ತಗಡಾಗುತ್ತದೆ. ಬಸ್ಸುಗಳನ್ನು ಬಣ್ಣದಿಂದ ಗುರುತಿಸುತ್ತೇವೆ. ಔಷಧಿ ಬಾಟಲಿಗಳನ್ನು ಕುತ್ತಿಗೆಗೆ ಕಟ್ಟಿದ ದಾರದಿಂದ. ಗಂಡನ ಹೆಸರನ್ನು ಹಚ್ಚೆ ಹಾಕಿಸಿಕೊಂಡ ಹೆಂಗಸರು ಎಂಟು ದಿನಕ್ಕೊಮ್ಮೆ ಸೂಜಿಯ ನೋವು ತಿನ್ನುವುದಕ್ಕಿಂತ ಹೂವಿನ ಹಚ್ಚೆಯೇ ಲೇಸೆಂದು ತೀರ್ಮಾನಿಸಿ ತಲೆಮಾರುಗಳೇ ಕಳೆದಿವೆ. ಚಿತ್ರ ಉಳಿಯುತ್ತದೆ, ಚುಕ್ಕೆ ಉಳಿಯುತ್ತದೆ, ಅಕ್ಷರ ಮಾತ್ರ ಉಳಿಯುವುದಿಲ್ಲ. ಪದವಿಯ ಕೊನೆಯ ವರ್ಷದಲ್ಲಿ ನಾನು ಹದಿನೇಳು ಬಗೆಯ ಶಾಯಿ, ನಾಲ್ಕು ಬಗೆಯ ಕಾಗದ, ಒಂದು ಸ್ಲೇಟು ಮತ್ತು ಒಂದು ತಾಮ್ರದ ತಗಡನ್ನಿಟ್ಟು ಪರೀಕ್ಷಿಸಿದ್ದೆ. ಎಲ್ಲ ಮಾದರಿಗಳೂ ಎಂಟನೆಯ ಸೂರ್ಯಾಸ್ತದ ಎರಡು ನಿಮಿಷಗಳೊಳಗೆ ಮಾಸಿದವು. ಯಾವ ಮಾದರಿಯಲ್ಲೂ ಒಂದು ಸಾಲು ಮಾಸಿ ಇನ್ನೊಂದು ಸಾಲು ಉಳಿದ ನಿದರ್ಶನ ಸಿಗಲಿಲ್ಲ. ಈ ಕೊನೆಯ ಅಂಶ ಮುಂದೆ ಮುಖ್ಯವಾಗುತ್ತದೆ.

ಈ ಕಾರಣಕ್ಕೆ ಊರಿನ ನಡುವೆ ನಕಲು ಮನೆ ಇದೆ. ಅಲ್ಲಿ ನಲವತ್ತು ಜನ ನಕಲುಗಾರರು ಊರಿನ ದಾಖಲೆಗಳನ್ನೆಲ್ಲ ಎಂಟು ದಿನಕ್ಕೊಮ್ಮೆ ಹೊಸ ಹಾಳೆಗೆ ಇಳಿಸುತ್ತಾರೆ. ಪದವಿ ಮುಗಿದ ಮೇಲೆ ನಾನು ಅಲ್ಲಿಯೇ ಎರಡು ವರ್ಷ ಏಳು ತಿಂಗಳು ಕೆಲಸ ಮಾಡಿದೆ. ನನ್ನ ಪಾಲಿಗೆ ಬಂದಿದ್ದು ಊರಿನ ನಿಯಮಾವಳಿ ಮತ್ತು ಮನೆಗಳ ಪಟ್ಟಿಯ ಇನ್ನೂರ ಹತ್ತರಿಂದ ಇನ್ನೂರ ಹದಿನೈದರವರೆಗಿನ ಪುಟಗಳು. ಒಟ್ಟು ನೂರ ಹದಿನೆಂಟು ಬಾರಿ ಅವನ್ನು ಬರೆದಿದ್ದೇನೆ. ನೂರ ಹತ್ತೊಂಬತ್ತನೆಯ ಬಾರಿ ಬರೆಯಲಿಲ್ಲ.

ಆ ಸೋಮವಾರ ನಕಲಿಗೆಂದು ನನ್ನ ಮೇಜಿಗೆ ಬಂದ ಇನ್ನೂರ ಹನ್ನೆರಡನೆಯ ಪುಟ ನನ್ನ ಕೈಬರಹದಲ್ಲಿರಲಿಲ್ಲ. ಎಂಬತ್ತೇಳನೆಯ ಮನೆಯ ಮುಂದಿನ ಸಾಲಿನಲ್ಲಿಯೇ ನೂರ ಇಪ್ಪತ್ತೊಂಬತ್ತನೆಯ ಮನೆ ಇತ್ತು. ನಡುವಿನದು ಬಣ್ಣಗಾರರ ಓಣಿ. ನಾನು ಬಾಡಿಗೆಗೆ ಇರುವ ಮಾಳಿಗೆಯೂ ಆ ಓಣಿಯಲ್ಲಿಯೇ ಇದೆ. ಹಾಳೆಯನ್ನು ಹಿಡಿದು ಮುಖ್ಯ ನಕಲುಗಾರರಾದ ಮಾರ್ತಾಂಡಪ್ಪನವರ ಕೋಣೆಗೆ ಹೋದೆ. ಅವರು ಕನ್ನಡಕವನ್ನು ಹಣೆಗೇರಿಸಿ ಹಾಳೆಯನ್ನು ನೋಡಿದರು, ನನ್ನನ್ನು ನೋಡಲಿಲ್ಲ.

"ಮಾಸಿರಬೇಕು," ಎಂದರು.

"ಸರ್, ನಡುವಿನ ನಲವತ್ತೊಂದು ಸಾಲು ಮಾತ್ರ ಮಾಸಿ ಉಳಿದವು ಉಳಿಯಲು ಸಾಧ್ಯವಿಲ್ಲ."

"ಇಂದುಮತಿ ಬಾಯಾರ, ನಿಮ್ಮ ಬಿಎಸ್ಸಿ ಮನ್ಯಾಗ ಇಟ್ಟು ಬರ್ರಿ ಅಂತ ಎಷ್ಟು ಸಲ ಹೇಳೀನಿ? ಇಲ್ಲಿ ಬರೇ ಕೈ ಬೇಕು. ಕೊಟ್ಟಿದ್ದನ್ನ ಬರೀರಿ."

ನಾನು ಹಾಳೆಯನ್ನು ಅವರ ಮೇಜಿನ ಮೇಲಿಟ್ಟೆ. ಲೇಖನಿಯನ್ನು ಅದರ ಮೇಲಿಟ್ಟೆ. ಹನ್ನೊಂದು ಗಂಟೆ ಇಪ್ಪತ್ತು ನಿಮಿಷಕ್ಕೆ ಹೊರಗೆ ಬಂದೆ.

ಓಣಿಗೆ ಬಂದು ಮೊದಲು ನೀಲಗಂಗವ್ವನಿಗೆ ವಿಷಯ ತಿಳಿಸಿದೆ. ಮಾಳಿಗೆಯ ಒಡತಿ ಅವಳೇ. ಅರವತ್ತು ದಾಟಿದ ಹೆಂಗಸು; ಮೊಣಕೈವರೆಗೆ ಕೈಗಳು ಸದಾ ನೀಲಿ. ಅಂಗಳದಲ್ಲಿ ಅವಳ ಅತ್ತೆಯ ಕಾಲದಿಂದ ನೆಲದಲ್ಲಿ ಹೂತ ನೀಲಿಯ ಹರವಿ, ಬಟ್ಟೆ ಅದ್ದುವ ದೊಡ್ಡ ಮಣ್ಣಿನ ಗಡಿಗೆ, ಇದೆ. ಅದರೊಳಗಿನ ರಸಕ್ಕೆ ಸುಣ್ಣ, ಬೆಲ್ಲ, ಬೇಯಿಸಿದ ತಗಚೆ ಬೀಜ ಹಾಕಿ ದಿನವೂ ಸಾಕಬೇಕು; ಬೆಚ್ಚಗಿಡಬೇಕು; ಕದಲಿಸಬಾರದು. ಐವತ್ತೆರಡು ವರ್ಷಗಳಿಂದ ಆ ಹರವಿ ಒಮ್ಮೆಯೂ ಸತ್ತಿಲ್ಲ. ಓಣಿಯ ಉಳಿದ ಹರವಿಗಳಿಗೆಲ್ಲ ಹೆಪ್ಪು ಹೋಗಿರುವುದು ಇದರಿಂದಲೇ.

"ಹಾಳಿಮ್ಯಾಲೆ ಇಲ್ಲ ಅಂದ್ರ ಏನಾತು?" ಎಂದಳು ನೀಲಗಂಗವ್ವ. "ನಾ ಇಲ್ಲೇ ಅದೀನಲ್ಲ."

"ಪಟ್ಟಿಯಲ್ಲಿಲ್ಲದ ಜಾಗ ಖಾಲಿ ಜಾಗ, ಅವ್ವ. ನಕಲು ಮನೆಗೆ ಹೊಸ ಕಟ್ಟಡ ಬೇಕಂತೆ. ಇಂದಿನಿಂದ ಇಪ್ಪತ್ತಮೂರನೆಯ ದಿನಕ್ಕೆ ಹೊರಗಿನಿಂದ ಅಧಿಕಾರಿ ಬರುತ್ತಾರೆ. ಖಾಲಿ ಎಂದು ಅವರು ಒಪ್ಪಿದರೆ ನೆಲ ಅಗೆಯುತ್ತಾರೆ."

ಅವಳು ಕೋಲಿನಿಂದ ಹರವಿಯನ್ನು ಮೆಲ್ಲಗೆ ತಿರುವುತ್ತಲೇ ಇದ್ದಳು. "ಹರವಿ ಎತ್ತಿದ್ರ ಸಾಯ್ತೈತಿ," ಎಂದಳು. ಮನೆಯ ವಿಷಯ ಮಾತಾಡಲಿಲ್ಲ.

ಪಕ್ಕದ ಕಟ್ಟೆಯ ಮೇಲೆ ಕೌದಿ ಹೊಲಿಯುತ್ತಿದ್ದ ಮಹಬೂಬ್‌ಬಿ ಸೂಜಿಯನ್ನು ಸೆರಗಿಗೆ ಚುಚ್ಚಿ ಎದ್ದು ಬಂದಳು. "ಕೆಲಸಾ ಬಿಟ್ಟು ಬಂದಿ, ಚೊಲೋ ಆತು. ಈಗ ಏನ್ಮಾಡಾಕಿ? ಆ ಆಫೀಸರನ ಮುಂದ ನಲವತ್ತೊಂದು ಮನಿ ಬಾಯಿಪಾಠ ಒಪ್ಪಿಸ್ತೀಯೇನು?"

ಬಾಯಿಪಾಠ ದಾಖಲೆಯಲ್ಲ. ಆದರೆ ದಾಖಲೆ ಎಂದರೇನು ಎಂಬುದು ನನಗೆ ಬಾಯಿಪಾಠವಾಗಿತ್ತು. ನಿಯಮಾವಳಿಯ ನಾಲ್ಕನೆಯ ನಿಯಮ ಹೀಗಿದೆ: ಗೊತ್ತಾದ ಒಂದು ವಿಳಾಸದಲ್ಲಿದ್ದು, ಯಾರ ಅಪ್ಪಣೆಯನ್ನೂ ಕೇಳದೆ ಯಾರಾದರೂ ಓದಬಹುದಾದ ಬರಹವೇ ದಾಖಲೆ. ಅದು ಕಾಗದದ ಮೇಲಿರಬೇಕು ಎಂದಾಗಲಿ, ನಕಲು ಮನೆಯಲ್ಲಿರಬೇಕು ಎಂದಾಗಲಿ ಅಲ್ಲಿ ಹೇಳಿಲ್ಲ. ಪರದೆಯ ಮೇಲಿನ ಅಕ್ಷರಗಳು ನಮ್ಮ ಊರಿನಲ್ಲಿ ಮಾಸುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಆದರೆ ಒಬ್ಬರ ಫೋನಿನಿಂದ ಇನ್ನೊಬ್ಬರ ಫೋನಿಗೆ ಹೋದ ಮಾತು ಆ ಇಬ್ಬರದೇ. ಅದನ್ನು ಯಾರೂ ದಾಖಲೆ ಎನ್ನುವುದಿಲ್ಲ. ಬೇಕಾಗಿದ್ದುದು ಒಂದು ವಿಳಾಸ, ಮತ್ತು ಆ ವಿಳಾಸದಲ್ಲಿ ಬಾಗಿಲಿಲ್ಲದ ಒಂದು ಪುಟ. ಅದನ್ನು ಜಾಲತಾಣ ಎನ್ನುತ್ತಾರೆ. ಅದನ್ನು ಕಟ್ಟುವುದು ನನಗೆ ತಿಳಿದಿರಲಿಲ್ಲ. ತಿಳಿಯದಿರುವುದು ಕಲಿಯಬಹುದಾದ ಸ್ಥಿತಿ ಎಂದು ನನಗೆ ಕಾಲೇಜಿನಲ್ಲಿ ಕಲಿಸಿದ್ದರು.

ಮರುದಿನ ಗುಡ್ಡದಾಚೆಯ ಪಟ್ಟಣಕ್ಕೆ ಹೋಗಿ ಜಾಲತಾಣ ನಿರ್ಮಾಣದ ಮೂಲಪಾಠಗಳ ಪುಸ್ತಕವನ್ನು ಕೊಂಡೆ. ಇನ್ನೂರ ನಲವತ್ತು ಪುಟ. ನಮ್ಮ ಊರಿನ ಅಂತರ್ಜಾಲ ಸಂಪರ್ಕ ಒಂದು ಪುಟವನ್ನು ಕಳಿಸಲು ಸಾಕು. ಪಾಠದ ವೀಡಿಯೊ ನೋಡಲು ಸಾಲದು. ಸಂಜೆ ನಾಲ್ಕರ ಬಸ್ಸಿನಲ್ಲಿ ಊರಿನ ಗಡಿಕಲ್ಲು ದಾಟಿದ ಕ್ಷಣದಿಂದ ಪುಸ್ತಕದ ಎಂಟು ದಿನಗಳು ಶುರುವಾದವು. ದಿನಕ್ಕೆ ಮೂವತ್ತು ಪುಟ. ಮುಖ್ಯ ಸೂತ್ರಗಳನ್ನು ನನ್ನ ಕಾಲೇಜು ದಿನಗಳ ಲ್ಯಾಪ್‌ಟಾಪಿನಲ್ಲಿ ಬರೆದುಕೊಳ್ಳುತ್ತ, ಉಳಿದುದನ್ನು ಅಂಗಳದಲ್ಲಿ ಕುಳಿತು ಗಟ್ಟಿಯಾಗಿ ಓದಿದೆ. ಊರಿನ ಎಲ್ಲ ಕೀಲಿಮಣೆಗಳಂತೆ ನನ್ನದರ ಗುಂಡಿಗಳೂ ಬೋಳು. ಅಕ್ಷರದ ಜಾಗಗಳು ಬೆರಳಿಗೆ ಗೊತ್ತು.

ನಾನು ಓದುತ್ತಿದ್ದರೆ ನೀಲಗಂಗವ್ವ ಹರವಿ ತಿರುವುತ್ತ ಕೇಳುತ್ತಿದ್ದಳು. ಮೂರನೆಯ ದಿನ ಅವಳೇ ಮಾತು ತೆಗೆದಳು.

"ಆ ಎಚ್‌ಟಿಎಂಎಲ್ ಅಂದಿ, ಸಿಎಸ್‌ಎಸ್ ಅಂದಿ. ಎರಡು ಯಾಕ ಬೇಕು?"

"ಒಂದು ಪುಟದಲ್ಲಿ ಏನಿದೆ ಎಂದು ಹೇಳುತ್ತದೆ. ಇದು ಶೀರ್ಷಿಕೆ, ಇದು ಪ್ಯಾರಾ, ಇದು ಪಟ್ಟಿ, ಹೀಗೆ. ಇನ್ನೊಂದು ಅದು ಹೇಗೆ ಕಾಣಬೇಕು ಎಂದು ಹೇಳುತ್ತದೆ. ಬಣ್ಣ, ಅಳತೆ, ಅಂಚು."

"ಹಂಗಂದ್ರ ಮೊದಲನೇದು ಬಟ್ಟಿ, ಎರಡನೇದು ಬಣ್ಣ." ಅವಳು ಹರವಿಯಿಂದ ಒಂದು ಬಟ್ಟೆಯನ್ನು ಎತ್ತಿದಳು. ಹೊರಬಂದಾಗ ಹಸಿರಾಗಿತ್ತು; ಗಾಳಿ ತಾಗುತ್ತಿದ್ದಂತೆ ನಮ್ಮ ಕಣ್ಣೆದುರೇ ನೀಲಿಯಾಯಿತು. "ಇಷ್ಟ ಹೇಳಾಕ ಆ ಪುಸ್ತಕದಾವ ಅರವತ್ತು ಪುಟಾ ತಗೊಂಡಾನ?"

ಮಹಬೂಬ್‌ಬಿ ನಕ್ಕಳು. "ಅವನಿಗೆ ನಿನ್ನಂಗ ಹರವಿ ಇರಲಿಲ್ಲ ಬಿಡ, ಅವ್ವ. ಬರದು ಹೊಟ್ಟಿ ಹೊರೀಬೇಕಲ್ಲ, ಪಾಪ."

ಒಂಬತ್ತನೆಯ ದಿನ ಸೂರ್ಯ ಮುಳುಗುವ ಹೊತ್ತಿಗೆ ನಾನು ಇನ್ನೂರ ಮೂವತ್ತೆಂಟನೆಯ ಪುಟದಲ್ಲಿದ್ದೆ. ಕೊನೆಯ ಎರಡು ಪುಟಗಳು ವಿಷಯಸೂಚಿಯಾಗಿದ್ದುದರಿಂದ ನಷ್ಟವಾಗಲಿಲ್ಲ. ಪುಸ್ತಕ ಮಾಸಿದ ಮೇಲೆ ಮಹಬೂಬ್‌ಬಿ ಅದನ್ನು ಕೇಳಿ ಪಡೆದು, ಕೌದಿಯ ನಮೂನೆಗಳನ್ನು ಗೀಚಲು ಇಟ್ಟುಕೊಂಡಳು.

ಹತ್ತನೆಯ ದಿನ ಕಟ್ಟಲು ಕುಳಿತೆವು. ನಾನೊಬ್ಬಳೇ ಕಟ್ಟಬಾರದು ಎಂಬುದು ನನ್ನ ನಿರ್ಧಾರವಾಗಿತ್ತು. ಒಬ್ಬಳ ಕೈಯಲ್ಲಿರುವ ದಾಖಲೆ ಮತ್ತೊಂದು ನಕಲು ಮನೆಯೇ ಆಗುತ್ತದೆ. ಓಣಿಯ ಪ್ರತಿ ಮನೆಯಿಂದ ಒಬ್ಬರು ಬಂದು ತಮ್ಮ ಮನೆಯ ಸಾಲನ್ನು ತಾವೇ ಬರೆಯಬೇಕು ಎಂದು ಗೊತ್ತುಪಡಿಸಿದೆ. ಬರೆಯಲು ಬಾರದವರು ಗುಂಡಿಗಳ ಜಾಗ ಕಲಿಯಬೇಕು. ಮೊದಲು ಕಲಿತವಳು ನೀಲಗಂಗವ್ವ. ಅಕ್ಷರ ಓದಲು ಬಾರದ ಅವಳು ಕೀಲಿಮಣೆಯ ಎರಡು ಗುಂಡಿಗಳ ಮೇಲೆ ತನ್ನ ಬಣ್ಣದ ಚುಕ್ಕೆ ಇಟ್ಟಳು. ಟ್ಯಾಗು ಎಂದರೆ ಇದು ಶೀರ್ಷಿಕೆ, ಇದು ಪಟ್ಟಿ ಎಂದು ತಿಳಿಸಲು ಎರಡು ಕೋನಾಕಾರದ ಚಿಹ್ನೆಗಳ ನಡುವೆ ಬರೆಯುವ ಗುರುತು; ಅದನ್ನು ತೆರೆಯುವ ಕೋನಕ್ಕೆ ಕೆಂಪು, ಮುಚ್ಚುವ ಕೋನಕ್ಕೆ ನೀಲಿ. ಚುಕ್ಕೆ ಅಕ್ಷರವಲ್ಲದ ಕಾರಣ ಮಾಸುವ ಪ್ರಶ್ನೆಯಿರಲಿಲ್ಲ.

ತೊಡಕು ಬಂದದ್ದು ನಾನು ನಿರೀಕ್ಷಿಸದ ಕಡೆಯಿಂದ. ನಮ್ಮ ಊರಿನಲ್ಲಿ ಬರಹವನ್ನು ಮುಗಿಸುವ ಪದ್ಧತಿಯಿಲ್ಲ. ಪತ್ರಕ್ಕೆ ಸಹಿ ಹಾಕುವುದಿಲ್ಲ, ಕೊನೆಯ ವಾಕ್ಯಕ್ಕೆ ಪೂರ್ಣವಿರಾಮ ಇಡುವುದಿಲ್ಲ. ಮಗು ಮೊದಲ ಅಕ್ಷರ ತಿದ್ದುವಾಗಲೇ ಹಿರಿಯರು ಕೈ ಹಿಡಿದು ಕೊನೆಯ ಗೆರೆಯನ್ನು ಎಳೆಯದಂತೆ ತಡೆಯುತ್ತಾರೆ. ಮುಗಿಸಿದ ಬರಹ ಮರಳಿ ಬರುವುದಿಲ್ಲ, ತೆರೆದಿಟ್ಟದ್ದನ್ನು ಮುಂದಿನ ಸಲ ಯಾರಾದರೂ ಮುಂದುವರಿಸುತ್ತಾರೆ ಎಂಬುದು ನಂಬಿಕೆ. ಜಾಲಪುಟದ ಮೂಲನಿಯಮ ಇದಕ್ಕೆ ನೇರ ವಿರುದ್ಧ. ತೆರೆದ ಟ್ಯಾಗನ್ನು ಮುಚ್ಚಬೇಕು. ಮುಚ್ಚುವ ಟ್ಯಾಗಿನಲ್ಲಿ ಒಂದು ಓರೆಗೆರೆ ಇರುತ್ತದೆ, ಅದೇ ಗುರುತು.

ಕಟ್ಟಲು ಕುಳಿತ ಆ ದಿನ ಒಂಬತ್ತು ಮನೆಯವರು ಬರೆದರು. ಒಬ್ಬರೂ ಮುಚ್ಚಲಿಲ್ಲ. ಶೀರ್ಷಿಕೆಯನ್ನು ಮುಚ್ಚದೆ ಬಿಟ್ಟದ್ದರಿಂದ ಎಲ್ಲರ ಹೆಸರುಗಳೂ ಶೀರ್ಷಿಕೆಯ ಗಾತ್ರಕ್ಕೆ ಬೆಳೆದು, ಒಂದು ಮನೆ ಒಂದು ಪರದೆಯನ್ನು ತುಂಬಿತು.

"ನಮ್ಮ ಮನಿ ಇಷ್ಟು ದೊಡ್ಡದು ಆಗೇತಿ ನೋಡ್ರಿ!" ಎಂದಳು ಮಹಬೂಬ್‌ಬಿ. "ಇದನ್ನ ಹಿಂಗ ಬಿಡು, ಇಂದೂ. ಆಫೀಸರ ಹೆದರಲಿ."

ನೀಲಗಂಗವ್ವ ನಗಲಿಲ್ಲ. "ನಾ ಮುಚ್ಚಂಗಿಲ್ಲ," ಎಂದಳು. "ನಮ್ಮವ್ವ ಸಾಯೂತನಕಾ ಒಂದು ಚೀಟಿನೂ ಮುಗಿಸಿ ಬರಿಸಲಿಲ್ಲ. ಮುಚ್ಚೂದು ಅಂದ್ರ ಸುಮ್ನ ಅಲ್ಲ."

ನಾನು ತರ್ಕದಿಂದ ಹೇಳಿದೆ, ಉಪಯೋಗವಾಗಲಿಲ್ಲ. ಎರಡು ದಿನ ಅವಳು ಕೀಲಿಮಣೆಯನ್ನು ಮುಟ್ಟಲಿಲ್ಲ. ಅದರ ಮರುದಿನ ಬೆಳಿಗ್ಗೆ ಅವಳು ಹರವಿಯ ಮುಚ್ಚಳವನ್ನು ಸುತ್ತಲೂ ಚಿಂದಿ ತುರುಕಿ ಬಿಗಿಯುತ್ತಿದ್ದಾಗ ನಾನು ಸುಮ್ಮನೆ ಕೇಳಿದೆ, ಇದನ್ನು ಮುಚ್ಚದಿದ್ದರೆ ಏನಾಗುತ್ತದೆ ಎಂದು.

"ಗಾಳಿ ಹೊಕ್ಕು ನೀಲಿ ಎಲ್ಲಾ ತಳಕ್ಕ ಕುಂದರತೈತಿ. ಹರವಿ ಸಾಯ್ತೈತಿ."

"ಮುಚ್ಚುವುದು ಬದುಕಿಸಲಿಕ್ಕೆ, ಅಲ್ಲವೆ?"

ಅವಳು ನನ್ನನ್ನು ದಿಟ್ಟಿಸಿದಳು. "ಬಿಎಸ್ಸಿ ಕಲಿತಾಕಿ ಇದನ್ನ ಮೂರು ದಿನದ ಹಿಂದ ಹೇಳಬಾರದಾಗಿತ್ತ?" ಎಂದಳು. ಕೈ ಒರೆಸಿಕೊಂಡು ಬಂದು ಕುಳಿತು, ಕೆಂಪು ಒತ್ತಿದಳು, ನಾನು ತೋರಿಸಿದ ಓರೆಗೆರೆ ಮತ್ತು ಟ್ಯಾಗಿನ ಹೆಸರು ಒತ್ತಿದಳು, ನೀಲಿ ಒತ್ತಿದಳು. ಆ ಓರೆಗೆರೆಗೆ ಅವಳೇ ಚಿಲಕ ಎಂದು ಹೆಸರಿಟ್ಟಳು. ಅಂದಿನಿಂದ ಓಣಿಯ ಕಲಿಕೆಯ ಹೊಣೆ ಅವಳದಾಯಿತು. ಅಕ್ಷರ ಓದಲಾರದವಳು ಎಲ್ಲರ ಬೆನ್ನ ಹಿಂದೆ ನಿಂತು ಪರದೆಯ ಮೇಲಿನ ಆಕಾರಗಳನ್ನು ಎಣಿಸುತ್ತಿದ್ದಳು. "ಬಾಯಿ ತೆರದಿ, ಚಿಲಕಾ ಎಲ್ಲಿ? ಏ, ನಿನಗ ಹೇಳಾಕತ್ತೀನಿ, ಚಿಲಕಾ ಹಾಕು!"

ಹದಿನೈದನೆಯ ದಿನ ಮಾರ್ತಾಂಡಪ್ಪನವರು ಓಣಿಗೆ ಬಂದರು. ಕಟ್ಟೆಯ ಮೇಲೆ ಸಾಲಾಗಿ ಕುಳಿತ ಜನರನ್ನೂ ನಡುವಿನ ಲ್ಯಾಪ್‌ಟಾಪನ್ನೂ ನೋಡಿದರು. ನೀಲಗಂಗವ್ವ ಚಾಪೆ ಹಾಸಿದಳು. ಅವರು ಕೂರಲಿಲ್ಲ.

"ಇಂದುಮತಿ ಬಾಯಾರ, ಕೆಲಸಕ್ಕ ವಾಪಸ್ ಬರ್ರಿ. ನಿಮ್ಮ ಕೈಬರಹ ಚೊಲೋ ಐತಿ."

"ಇನ್ನೂರ ಹನ್ನೆರಡನೆಯ ಪುಟ ಪೂರ್ತಿಯಾದರೆ ಬರುತ್ತೇನೆ."

ಅವರು ಧ್ವನಿ ತಗ್ಗಿಸಿದರು, ಆದರೂ ಕಟ್ಟೆಯವರಿಗೆಲ್ಲ ಕೇಳಿಸಿತು. ಆಗ ಅವರು ಹೇಳಿದ್ದು ಸುಳ್ಳಲ್ಲ ಎಂದು ನಾನು ಈಗಲೂ ನಂಬುತ್ತೇನೆ. "ಎಂಟು ದಿನ, ನಲವತ್ತು ಕೈ. ಊರು ಬೆಳದೈತಿ, ಕೈ ಬೆಳದಿಲ್ಲ. ಎಲ್ಲಾ ಬರೀಲಿಕ್ಕ ಆಗಂಗಿಲ್ಲ. ಯಾವುದು ಬಿಡಬೇಕು ಅಂತ ಯಾರರ ಒಬ್ಬರು ಹೇಳಬೇಕಲ್ಲ? ಮೂವತ್ತು ವರ್ಷ ಆತು, ಅದನ್ನ ನಾ ಹೇಳಾಕತ್ತೀನಿ. ನನಗೇನು ಖುಷಿ ಅಂತ ತಿಳದೀರೇನು?"

"ಈವರೆಗೆ ಬಿಟ್ಟದ್ದರಲ್ಲಿ ನಿಮ್ಮ ಮನೆಯ ಸಾಲು ಎಷ್ಟು ಬಾರಿ ಇತ್ತು, ಸರ್?"

ಮಹಬೂಬ್‌ಬಿ ಹೊಲಿಗೆಯಿಂದ ತಲೆಯೆತ್ತದೆ ಹೇಳಿದಳು: "ಕೈ ಕಡಿಮಿ ಬಿದ್ದಿದ್ರ ನಮ್ಮನ್ನ ಕೇಳಬೇಕಿತ್ತು, ಸಾಹೇಬರ. ಇಲ್ಲಿ ಎಂಬತ್ತು ಅದಾವ. ಸ್ವಲ್ಪ ನೀಲಿ ಅದಾವ, ಅಷ್ಟ."

ಓಣಿಯೆಲ್ಲ ನಕ್ಕಿತು. ಅವರು ಹೋಗುವಾಗ ಲ್ಯಾಪ್‌ಟಾಪಿನ ಕಡೆ ಬೆರಳು ಮಾಡಿ, "ಅದೂ ಮಾಸ್ತೈತಿ. ಈ ಊರಾಗ ಎಲ್ಲಾ ಮಾಸ್ತೈತಿ," ಎಂದರು. ನಗು ಅಲ್ಲಿಗೆ ನಿಂತಿತು. ಪರದೆಯ ಅಕ್ಷರ ಮಾಸದೆಂದು ಗೊತ್ತಿದ್ದರೂ, ದಾಖಲೆಯಾದದ್ದು ಮಾಸದೆ ಉಳಿದೀತೆ ಎಂಬ ಅಂಜಿಕೆ ಇತ್ತು; ಆ ಮಾತನ್ನು ನಂಬದವಳು ಓಣಿಯಲ್ಲಿ ನಾನೊಬ್ಬಳೇ ಎಂದು ತೋರುತ್ತದೆ.

ಇಪ್ಪತ್ತೆರಡನೆಯ ದಿನಕ್ಕೆ ಪುಟ ಸಿದ್ಧವಾಯಿತು. ಅಂಕಿಗಳಿರುವ ಪಟ್ಟಿಯನ್ನು ಬೇಕಾದ ಸಂಖ್ಯೆಯಿಂದ ಆರಂಭಿಸಬಹುದು ಎಂದು ಪುಸ್ತಕದ ಎಪ್ಪತ್ತೊಂದನೆಯ ಪುಟದಲ್ಲಿತ್ತು. ನಮ್ಮ ಪಟ್ಟಿಯನ್ನು ಎಂಬತ್ತೆಂಟರಿಂದ ಆರಂಭಿಸಿದೆ. ಪ್ರತಿ ಮನೆಯ ಮುಂದೆ ಅಲ್ಲಿರುವವರ ಹೆಸರುಗಳು, ಅವರ ಕಸುಬು, ಹರವಿಯ ವಯಸ್ಸು. ಅಂಚಿಗೆ ನೀಲಗಂಗವ್ವ ಆರಿಸಿದ ನೀಲಿ. ಅದು ಒಪ್ಪಿಗೆಯಾಗುವ ಮೊದಲು ಹನ್ನೊಂದು ನೀಲಿಗಳನ್ನು ಅವಳು ತಿರಸ್ಕರಿಸಿದಳು. ಕಡತವನ್ನು ಊರಿನ ಹೊರಗೆ ಎಲ್ಲೋ ಇರುವ ಒಂದು ಸರ್ವರ್‌ಗೆ ಏರಿಸಿ, ವಿಳಾಸವನ್ನು ಎಲ್ಲರಿಗೂ ಬಾಯಿಪಾಠ ಮಾಡಿಸಿದೆ. ಓಣಿಯ ಏಳು ಫೋನುಗಳಲ್ಲಿ ತೆರೆದು ನೋಡಿದೆವು. ಏಳರಲ್ಲೂ ಕಾಣಿಸಿತು.

ಇಪ್ಪತ್ತಮೂರನೆಯ ದಿನ ಬೆಳಿಗ್ಗೆ ಆರು ಗಂಟೆಗೆ ನಾನು ಕಡತವನ್ನು ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಓದಿದೆ. ತಪ್ಪಿರಲಿಲ್ಲ. ಶೀರ್ಷಿಕೆಯ ಕೆಳಗೆ ಒಂದು ಟಿಪ್ಪಣಿ ಸೇರಿಸಿದೆ. ಪುಟದ ಓದುಗರಿಗೆ ಕಾಣಿಸದೆ, ಕಡತವನ್ನು ತೆರೆದವರಿಗೆ ಮಾತ್ರ ಕಾಣಿಸುವ ಟಿಪ್ಪಣಿಯನ್ನು ಇಡಲು ಒಂದು ಕ್ರಮವಿದೆ. "ಈ ಪಟ್ಟಿಯನ್ನು ಇಂದು ಬೆಳಿಗ್ಗೆ ಆರಕ್ಕೆ ಪರಿಶೀಲಿಸಲಾಗಿದೆ" ಎಂದು ಬರೆದು, ಕಡತವನ್ನು ಏರಿಸಿ, ಲ್ಯಾಪ್‌ಟಾಪು ಮಡಚಿದೆ. ಪರಿಶೀಲಿಸಲಾಗಿದೆ ಎಂದು ಬರೆದವಳು ಬರೆದ ಮೇಲೆ ಪರಿಶೀಲಿಸಲಿಲ್ಲ. ಇದನ್ನು ನನ್ನ ದೋಷವೆಂದೇ ದಾಖಲಿಸುತ್ತಿದ್ದೇನೆ.

ಹತ್ತು ಗಂಟೆಗೆ ನಕಲು ಮನೆಯ ನಡುಸಾಲೆಯಲ್ಲಿ ವಿಚಾರಣೆ ಆರಂಭವಾಯಿತು. ಹೊರಗಿನಿಂದ ಬಂದ ಅಧಿಕಾರಿ ಸುಮಾರು ಐವತ್ತರ ಹೆಂಗಸು. ಗಡಿಯಾರ ಕಟ್ಟದ ಕೈಯಲ್ಲಿ ಫೋನು. ಓಣಿಯ ಜನ ಗೋಡೆಯುದ್ದಕ್ಕೆ ನಿಂತಿದ್ದರು. ಮಾರ್ತಾಂಡಪ್ಪನವರು ಮನೆಗಳ ಪಟ್ಟಿಯನ್ನು ಮುಂದಿಟ್ಟರು. ನಾನು ನಾಲ್ಕನೆಯ ನಿಯಮವನ್ನು ಹೇಳಿ, ನಮ್ಮ ದಾಖಲೆಯ ವಿಳಾಸವನ್ನು ಕೊಟ್ಟೆ. ಅಧಿಕಾರಿ ನಿಯಮವನ್ನು ಕಾಗದದಲ್ಲಿ ನೋಡಿ ತಲೆಯಾಡಿಸಿದರು. ವಿಳಾಸವನ್ನು ತಮ್ಮ ಫೋನಿನಲ್ಲಿ ಒತ್ತಿದರು.

"ಶೀರ್ಷಿಕೆ ಇದೆ. 'ಬಣ್ಣಗಾರರ ಓಣಿ: ಮನೆಗಳು ಮತ್ತು ಜನರು'," ಎಂದು ಓದಿದರು. ಬೆರಳಿನಿಂದ ಪುಟವನ್ನು ಮೇಲೆ ಸರಿಸಿದರು, ಕೆಳಗೆ ಸರಿಸಿದರು. "ಅದರ ಕೆಳಗೆ ಏನೂ ಇಲ್ಲವಲ್ಲ, ತಾಯಿ."

ಮಾರ್ತಾಂಡಪ್ಪನವರು ಕುರ್ಚಿಯಿಂದ ಏಳಲಿಲ್ಲ. ಗೆದ್ದವರ ಧ್ವನಿಯೂ ಅದಾಗಿರಲಿಲ್ಲ. "ನಾ ಹೇಳಿದ್ದೆ. ಅಲ್ಲೂ ಮಾಸೇತಿ," ಎಂದರು.

ಗೋಡೆಯ ಕಡೆಯಿಂದ ಒಂದು ಸದ್ದು ಬಂತು. ಜನ ಹೊರಡುತ್ತಿದ್ದ ಸದ್ದು. ಯಾರೂ ಕೂಗಲಿಲ್ಲ, ಯಾರೂ ಅಳಲಿಲ್ಲ. ಎಂಟು ದಿನಕ್ಕೊಮ್ಮೆ ಎಲ್ಲವೂ ಹೋಗುವ ಊರಿನಲ್ಲಿ ಹುಟ್ಟಿದವರಿಗೆ ಹೋದದ್ದರ ಮುಂದೆ ನಿಲ್ಲುವ ಅಭ್ಯಾಸವಿಲ್ಲ. ಮಹಬೂಬ್‌ಬಿಯೂ ಬಾಗಿಲ ಕಡೆ ತಿರುಗಿದ್ದಳು.

"ಯಾರೂ ಹೋಗಬೇಡಿ," ಎಂದೆ. ನನ್ನ ಧ್ವನಿ ಇಡೀ ಸಾಲೆಗೆ ಕೇಳಿಸಿತು. "ಮಾಸಿದ್ದರೆ ಶೀರ್ಷಿಕೆಯೂ ಮಾಸಬೇಕಿತ್ತು. ಮಾಸಿಲ್ಲ. ಐದು ನಿಮಿಷ ಕೊಡಿ."

"ಕೊಟ್ಟೆ," ಎಂದರು ಅಧಿಕಾರಿ.

ಮೇಜಿನ ಮೇಲೆ ಲ್ಯಾಪ್‌ಟಾಪನ್ನಿಟ್ಟು ಕಡತವನ್ನು ತೆರೆದೆ. ಎಲ್ಲ ಹೆಸರುಗಳೂ ಅಲ್ಲಿದ್ದವು. ಸಾಲಿನಿಂದ ಸಾಲಿಗೆ ಇಳಿದೆ. ಪಟ್ಟಿ ತೆರೆದಿತ್ತು, ಮುಚ್ಚಿತ್ತು. ಪ್ರತಿ ಮನೆ ತೆರೆದಿತ್ತು, ಮುಚ್ಚಿತ್ತು. ಎರಡನೆಯ ಬಾರಿ ಇಳಿದೆ. ನಾನು ಬರೆದದ್ದನ್ನು ನಾನು ಓದುತ್ತಿದ್ದೆ. ಇರಬೇಕಾದದ್ದನ್ನು ಕಣ್ಣು ತಾನೇ ತುಂಬಿಕೊಳ್ಳುತ್ತಿತ್ತು. ಮೂರು ನಿಮಿಷ ಕಳೆದವು.

ಹೆಗಲ ಮೇಲೆ ಒಂದು ಕೈ ಬಿತ್ತು. ನೀಲಿ ಕೈ.

"ಅತ್ತಾಗ ಸರಿ," ಎಂದಳು ನೀಲಗಂಗವ್ವ. ಅವಳು ಓದಲಿಲ್ಲ, ಓದಲು ಅವಳಿಗೆ ಬಾರದು. ಕೌದಿಯ ಹೊಲಿಗೆ ನೋಡುವವಳಂತೆ ಮುಖವನ್ನು ಪರದೆಗೆ ಹತ್ತಿರ ತಂದು ಬೆರಳಿನಿಂದ ಆಕಾರಗಳನ್ನು ಮುಟ್ಟುತ್ತ ಬಂದಳು. "ಬಾಯಿ, ಚಿಲಕಾ. ಬಾಯಿ, ಚಿಲಕಾ. ಹೂಂ. ಇದು ಯಾವುದು?"

"ಅದು ಟಿಪ್ಪಣಿ, ಅವ್ವ. ಬೆಳಿಗ್ಗೆ ಹಾಕಿದ್ದು."

"ಬಾಯಿ ತೆರದೈತಿ. ಒಂದು ಕಂಬಾ ಐತಿ, ಎರಡು ಅಡ್ಡಗೆರಿ ಅದಾವ. ಆಮ್ಯಾಲ ಎಷ್ಟೋ ಬರದಿ. ಮುಚ್ಚಿದ್ದು ಎಲ್ಲಿ?"

ಟಿಪ್ಪಣಿಯ ಕೊನೆಯಲ್ಲಿ ಎರಡು ಅಡ್ಡಗೆರೆ ಮತ್ತು ಮುಚ್ಚುವ ಕೋನ ಇರಬೇಕಿತ್ತು. ಇರಲಿಲ್ಲ. ಇಪ್ಪತ್ತನಾಲ್ಕು ವರ್ಷದ ನನ್ನ ಕೈ, ಮೊದಲ ಅಕ್ಷರ ತಿದ್ದುವಾಗ ಯಾರೋ ಹಿರಿಯರು ತಡೆದು ಹಿಡಿದ ಕೈ, ಕೊನೆಯ ಗೆರೆಯನ್ನು ಎಳೆಯದೆ ಬಿಟ್ಟಿತ್ತು. ಮುಚ್ಚದ ಟಿಪ್ಪಣಿ ತನ್ನ ಮುಂದಿರುವುದೆಲ್ಲವನ್ನೂ ಟಿಪ್ಪಣಿಯೆಂದೇ ಎಣಿಸಿ ಓದುಗರಿಂದ ಮರೆಮಾಡುತ್ತದೆ. ಓಣಿಯನ್ನು ಆ ಪುಟದಲ್ಲಿ ಮರೆಮಾಡಿದವಳು ನಾನೇ.

"ಇಡೀ ಓಣಿಗೆ ಪಾಠಾ ಹೇಳಿದಾಕಿ," ಎಂದಳು ನೀಲಗಂಗವ್ವ, ಎಲ್ಲರಿಗೂ ಕೇಳುವಂತೆ. "ಚಿಲಕಾ ಹಾಕು."

"ನೀನೇ ಹಾಕು, ಅವ್ವ."

ಎರಡು ಅಡ್ಡಗೆರೆಯ ಜಾಗವನ್ನು ತೋರಿಸಿದೆ. ಅವಳು ಒತ್ತಿದಳು. ಆಮೇಲೆ ನೀಲಿ ಚುಕ್ಕೆಯ ಗುಂಡಿಯನ್ನು ತಾನೇ ಹುಡುಕಿ ಒತ್ತಿದಳು. ಕಡತವನ್ನು ಏರಿಸಿದೆ. ಅಧಿಕಾರಿಗೆ ಪುಟವನ್ನು ಮತ್ತೊಮ್ಮೆ ತರಿಸಿಕೊಳ್ಳಲು ಹೇಳಿದೆ.

ಅವರು ಬಹಳ ಹೊತ್ತು ಓದಿದರು. ಒಮ್ಮೆಯೂ ತಲೆಯೆತ್ತದೆ ಓದಿದರು. ಆಮೇಲೆ ನಕಲು ಮನೆಯ ಪಟ್ಟಿಯನ್ನು ಹತ್ತಿರಕ್ಕೆಳೆದು, ಇನ್ನೂರ ಹನ್ನೆರಡನೆಯ ಪುಟದ ಪಕ್ಕದಲ್ಲಿ ಫೋನನ್ನಿಟ್ಟರು.

"ನಿಮ್ಮ ಪಟ್ಟಿಯಲ್ಲಿ ಎಂಬತ್ತೇಳು ಆದಮೇಲೆ ನೂರ ಇಪ್ಪತ್ತೊಂಬತ್ತು ಬರುತ್ತದೆ. ಇವರದು ಎಂಬತ್ತೆಂಟಕ್ಕೆ ಶುರುವಾಗಿ ನೂರ ಇಪ್ಪತ್ತೆಂಟಕ್ಕೆ ಮುಗಿಯುತ್ತದೆ. ಇದಕ್ಕೆ ಏನು ಹೇಳುತ್ತೀರಿ?"

"ನಡುವಿನದು ಮಾಸಿತ್ತು," ಎಂದರು ಮಾರ್ತಾಂಡಪ್ಪನವರು.

"ಮಾಸುವಿಕೆಗೆ ಎಣಿಸಲು ಬರುವುದಿಲ್ಲ, ಸರ್," ಎಂದೆ. "ಎಂಬತ್ತೆಂಟರಿಂದ ಶುರುಮಾಡಿ ನೂರ ಇಪ್ಪತ್ತೆಂಟಕ್ಕೆ ನಿಲ್ಲಿಸು ಎಂದು ಅದಕ್ಕೆ ಯಾರಾದರೂ ಹೇಳಬೇಕು. ಹೇಳುವವರು ನೀವೇ ಎಂದು ಎಂಟು ದಿನದ ಹಿಂದೆ ಓಣಿಯಲ್ಲಿ ನೀವೇ ಹೇಳಿದಿರಿ. ಕೇಳಿದ ಎಲ್ಲರೂ ಇಲ್ಲಿಯೇ ನಿಂತಿದ್ದಾರೆ."

ಮಾರ್ತಾಂಡಪ್ಪನವರು ಗೋಡೆಯುದ್ದಕ್ಕೆ ನಿಂತವರನ್ನು ನೋಡಿದರು. ಹೊರಡಲು ತಿರುಗಿದ್ದವರೆಲ್ಲ ಈಗ ಇತ್ತ ಮುಖ ಮಾಡಿದ್ದರು. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಕೈ ಸಾಲಲಿಲ್ಲರಿ," ಎಂದರು.

ಅಧಿಕಾರಿ ಆದೇಶ ಬರೆಯಲು ಕಾಗದ ತೆಗೆದರು. ಲೇಖನಿಯನ್ನು ಕಾಗದಕ್ಕೆ ಮುಟ್ಟಿಸಿ, ಏನನ್ನೋ ನೆನೆದು, ಮತ್ತೆ ಜೇಬಿಗಿಟ್ಟರು. "ಇದು ಕಾಗದದ ಮೇಲೆ ಎಂಟು ದಿನ ಇರುತ್ತದೆ, ಅಲ್ಲವೆ?" ಎಂದು ನನ್ನನ್ನು ಕೇಳಿದರು. ಹೌದೆಂದೆ. "ಹಾಗಾದರೆ ನಿಮ್ಮ ಪುಟದಲ್ಲಿಯೇ ಬರೆಯಿರಿ, ನಾನು ಹೇಳುತ್ತೇನೆ."

ಅವರು ಹೇಳಿದರು, ನಾನು ಬರೆದೆ. ಬಣ್ಣಗಾರರ ಓಣಿ ಜನವಸತಿಯ ಜಾಗ. ಅಲ್ಲಿಯ ನೆಲವನ್ನು ಅಗೆಯಕೂಡದು. ಹರವಿಗಳನ್ನು ಕದಲಿಸಕೂಡದು. ಈ ಪುಟ ಊರಿನ ದಾಖಲೆ. ನಕಲು ಮನೆಯ ಪಟ್ಟಿಯನ್ನು ಇನ್ನು ಮುಂದೆ ಇದರೊಡನೆ ತಾಳೆ ನೋಡತಕ್ಕದ್ದು. ಕೊನೆಯ ವಾಕ್ಯಕ್ಕೆ ಪೂರ್ಣವಿರಾಮ ಇಟ್ಟೆ. ಟ್ಯಾಗನ್ನು ಮುಚ್ಚಿದೆ. ನೀಲಗಂಗವ್ವ ಬೆನ್ನ ಹಿಂದೆ ನಿಂತು ಚಿಲಕಗಳನ್ನು ಎಣಿಸಿ ಸರಿಯಿದೆ ಎಂದ ಮೇಲೆ ಕಡತವನ್ನು ಏರಿಸಿದೆ. ಏರಿಸಿದ ಮೇಲೆ ಪುಟವನ್ನು ತೆರೆದು ನೋಡಿದೆ.

ಆ ದಿನವನ್ನು ಮೊದಲನೆಯದಾಗಿ ಹಿಡಿದರೆ ಎಂಟನೆಯ ಸಂಜೆ ಮೂವತ್ತನೆಯ ದಿನಕ್ಕೆ ಬೀಳುತ್ತದೆ. ಅಂದು ಸೂರ್ಯ ಮುಳುಗಿದಾಗ ಓಣಿಯ ಯಾರೂ ಫೋನನ್ನು ತೆರೆಯಲಿಲ್ಲ. ಮಹಬೂಬ್‌ಬಿ ತನ್ನ ಫೋನನ್ನು ಕೌದಿಯೊಳಗೆ ಸುತ್ತಿಟ್ಟಿದ್ದಳು. ನಾನೂ ತೆರೆಯಲಿಲ್ಲ, ವೀಕ್ಷಣೆಯನ್ನು ಎಲ್ಲರ ಸಮ್ಮುಖದಲ್ಲಿ ಮಾಡಬೇಕೆಂದು ಮೊದಲೇ ಗೊತ್ತುಪಡಿಸಿದ್ದೆ. ಮೂವತ್ತೊಂದನೆಯ ದಿನ ಬೆಳಿಗ್ಗೆ ಏಳು ಗಂಟೆಗೆ ಓಣಿಯವರೆಲ್ಲ ನೀಲಗಂಗವ್ವನ ಅಂಗಳದಲ್ಲಿ ಸೇರಿದರು. ಅವಳು ಹರವಿಯ ಮುಚ್ಚಳ ತೆಗೆದಳು. ನಾನು ಲ್ಯಾಪ್‌ಟಾಪನ್ನು ತೆರೆದೆ. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದಿದೆ. ಪ್ರತಿ ಹೆಸರಿಗೂ ಅದರ ಒಡೆಯರು ಓಗೊಟ್ಟರು. ಎಣಿಕೆಯ ಫಲಿತ: ಎಂಬತ್ತೆಂಟರಿಂದ ನೂರ ಇಪ್ಪತ್ತೆಂಟರವರೆಗೆ ನಲವತ್ತೊಂದು ಮನೆಗಳು, ನೂರ ಅರವತ್ತಮೂರು ಹೆಸರುಗಳು, ಒಂದೂ ಮಾಸಿಲ್ಲ.